ಚಾಕ್‌ಪೀಸ್ ಹಚ್ಚಿದ ಶೂ

ದಾಕ್ಷಾಯಣಿ ಅಂತ ಒಬ್ಬ ಹುಡುಗಿ... ನರ್ಸಿಂಗ್ ಮುಗಿಸಿ ಗದಗಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿದ್ದಳು. ಅವತ್ತು ಡ್ಯೂಟಿಯ ಮೊದಲ ದಿನ.

ಸೇರೋ ಮುಂಚೆ ಕೈಗೆ ಒಂದು ಪಟ್ಟಿ ಕೊಟ್ಟಿದ್ದರು. ಎರಡು ಜೊತೆ ಬಿಳಿ ಯೂನಿಫಾರ್ಮ್, ಸೆಕೆಂಡ್ ಮುಳ್ಳಿರೋ ವಾಚು, ಬಿಳಿ ಲೆದರ್ ಶೂ. ಎಲ್ಲಾ ಸ್ವಂತ ಖರ್ಚು... ಸಂಬಳ ಮಾತ್ರ ತಿಂಗಳಾದ ಮೇಲೆ!

ಅವಳ ತಾಯಿ ಹಳ್ಳಿ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ. ಬಟ್ಟೆ ಹೊಲಿಸಿ, ವಾಚು ತಗೊಳ್ಳೋ ಹೊತ್ತಿಗೆ ಕೈ ಖಾಲಿ. ಶೂ ಒಂದು ಉಳಿದೇ ಹೋಯ್ತು.

ಆ ತಾಯಿ ಏನು ಮಾಡಿದಳು ಗೊತ್ತಾ? ಮಗಳ ಹಳೇ ಕ್ಯಾನ್ವಾಸ್ ಶೂ ತೊಳೆದು ಒಣಗಿಸಿ, ಶಾಲೆಯಿಂದ ಚಾಕ್‌ಪೀಸ್ ತುಂಡು ಕೇಳಿ ತಂದು, ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದಳು. ನಾವೆಲ್ಲಾ ಶನಿವಾರ ಶಾಲೆಗೆ ಹೋಗುವಾಗ ಮಾಡ್ತಿದ್ವಲ್ಲ... ಹಾಗೇ.

"ಯಾರಿಗೆ ತಿಳೀತೈತಿ ಬಿಡವಾ... ದೂರದಿಂದ ಹೊಸಾವು ಇದ್ದಂಗ ಕಾಣ್ತಾವ" ಅಂದಿದ್ದಳು.

ಆದರೆ ದಾಕ್ಷಾಯಣಿ ಕಾಲಿಟ್ಟಾಗ ವಾರ್ಡಿನ ನೆಲ ಆಗಷ್ಟೇ ಒರೆಸಿದ್ದು... ಇನ್ನೂ ಹಸಿ ಹಸಿ.

ಆಯಮ್ಮ ಹುಲಿಗೆವ್ವ ಕೈಯಲ್ಲಿ ಮಾಪ್ ಹಿಡಿದು ತಿರುಗಿ ನೋಡ್ತಾಳೆ... ಬಾಗಿಲಿಂದ ಕೊನೇ ಬೆಡ್ಡಿನವರೆಗೂ ಬಿಳೀ ಹೆಜ್ಜೆ!

"ಏನ್ರೀ ಸಿಸ್ಟರ್... ದೀಪಾವಳಿ ಇನ್ನೂ ದೂರ ಐತಿ. ಈಗ್ಲೇ ಲಕ್ಷ್ಮಿ ಪಾದ ಬರ್ಕೊಂತ ಹೊಂಟೀರಲ್ಲ!"

ಪೇಷಂಟ್‌ಗಳೆಲ್ಲಾ ನಕ್ಕರು. ದಾಕ್ಷಾಯಣಿಯೂ ನಗೋಕೆ ನೋಡಿದಳು... ಆಗಲಿಲ್ಲ.

ನಗು ಕೇಳಿ ಇನ್‌ಚಾರ್ಜ್ ಸಿಸ್ಟರ್ ಎಸ್ತರ್ ಒಳಗೆ ಬಂದರು. ಇಪ್ಪತ್ತು ವರ್ಷದ ಸರ್ವಿಸ್. ಅವರ ಹೆಜ್ಜೆ ಸಪ್ಪಳಕ್ಕೇ ವಾರ್ಡು ನಡುಗುತ್ತೆ ಅಂತ ಹೆಸರು.

"ಆಪರೇಷನ್ ಆದವ್ರು ಮಲಗ್ಯಾರ ಇಲ್ಲಿ. ಗಾಯಕ್ಕ ಈ ಪುಡಿ ಬಿದ್ರ ನೀ ಹೊಣಿ ಆಗ್ತಿಯೇನು? ನಾಳೆ ಶೂ ಇದ್ರ ಬಾ... ಇಲ್ಲಾಂದ್ರ ಬರಬ್ಯಾಡ. ನಿನ್ನ ಜಾಗಕ್ಕ ಇನ್ನೂ ನಾಕು ಹುಡುಗ್ಯಾರು ಕಾಯಾಕತ್ತಾರ!"

ಹುಡುಗಿ ಮಾಪ್ ತಗೊಂಡು ತನ್ನ ಹೆಜ್ಜೆ ತಾನೇ ಒರೆಸೋಕೆ ಬಗ್ಗಿದಳು. ಹುಲಿಗೆವ್ವ ಅದನ್ನ ಕಸಿದುಕೊಂಡಳು. ಆ ದಿನ ಮತ್ತೆ ಆಕೆ ತಮಾಷೆ ಮಾಡಲಿಲ್ಲ...

ಮರುದಿನ ಬೆಳಿಗ್ಗೆ. ಆಸ್ಪತ್ರೆ ಗೇಟಿನ ಹತ್ತಿರ ಹುಲಿಗೆವ್ವ ನಿಂತಿದ್ದಳು. ಕೈಯಲ್ಲಿ ಒಂದು ಹಳೇ ಡಬ್ಬಿ.

"ಹಾಕ್ಕೋರಿ ಸಿಸ್ಟರ್."

ಒಳಗೆ ಬಿಳಿ ಲೆದರ್ ಶೂ! ಒಂದು ದಿನಾನೂ ಹಾಕಿದ ಗುರುತಿಲ್ಲ.

"ಯಾರವು ಆಯಮ್ಮ?"

"ಮನ್ಯಾಗ ಇದ್ದವು. ಮೊದ್ಲ ಹಾಕ್ಕೋರಿ, ಟೈಮ್ ಆತು... ಸರಿ ಬರ್ತಾವಿಲ್ಲೋ?"

ಶೂ ಐದನೇ ನಂಬರ್. ಹುಡುಗಿ ಕಾಲು ಏಳು.

ಆದರೆ ಆ ಮುದುಕಿ ಮುಖ ನೋಡಿದಳು... ಒಳಗೆ ವಾರ್ಡು, ಕೆಲಸ... ಬೆರಳು ಮಡಚಿ ಕಾಲು ತುರುಕಿದಳು.

"ಅಳತಿ ಕೊಟ್ಟು ಮಾಡ್ಸಿದಂಗ ಅದಾವ ಆಯಮ್ಮ."

ಮಧ್ಯಾಹ್ನ ರೌಂಡ್ಸ್ ಹೊತ್ತಿಗೆ ಅವಳು ಕುಂಟುತ್ತಿದ್ದಳು. ಎಸ್ತರ್ ಸಿಸ್ಟರ್ ಕಣ್ಣು ತಪ್ಪಿಸೋಕೆ ಆಗುತ್ತಾ?

"ಶೂ ಬಿಚ್ಚು."

ಬಿಚ್ಚಿದಳು. ಹಿಮ್ಮಡಿ ಹತ್ತಿರ ಸಾಕ್ಸ್ ಪೂರ್ತಿ ಕೆಂಪು...

"ಯಾರ ಶೂ ಇವು?"

ಹುಡುಗಿ ಬಾಯಿ ತೆರೆಯೋ ಮುಂಚೆ ಮೂಲೆಯಿಂದ ಹುಲಿಗೆವ್ವನೇ ಬಂದಳು.

"ನನ್ನ ಮಗಳು ದುರುಗಮ್ಮಂದು ರೀ... ಅಕೀನೂ ನರ್ಸಿಂಗ್ ಓದ್ಯಾಳ."

"ನಿನ್ನ ಮಗಳು... ನರ್ಸ?"

"ಹೂನ್ರಿ. ಒಂಬತ್ತು ವರ್ಷದ ಹಿಂದ ಕೊಪ್ಪಳದಾಗ ಕೆಲಸ ಸಿಕ್ಕಿತ್ತು. ಅಲ್ಲೂ ಇಂಥಾದ್ದ ಪಟ್ಟಿ ಕೊಟ್ರು. ನಾನ ಅಂದೆ... ತಡಿಯವಾ, ನನ್ನ ಪಗಾರ ಆಗ್ಲಿ, ಎಲ್ಲಾ ಒಮ್ಮೆ ತರೂಣು ಅಂತ. ತಂದ್ವಿ. ಹೋಗಾಕ ಹನ್ನೊಂದು ದಿನ ತಡ ಆತು... ಅಷ್ಟ. ಅಷ್ಟ್ರಾಗ ಅಲ್ಲಿ ಬ್ಯಾರೆ ಹುಡುಗಿ ಬಂದಿದ್ಲು."

"ಆಮ್ಯಾಲೆ?"

"ಆಮ್ಯಾಲೇನು... ಎರಡು ಕಡೆ ಕೇಳಿದ್ಲು. ಸಿಗಲಿಲ್ಲ. ಮದುವಿ ಮಾಡಿ ಕೊಟ್ವಿ. ಈಗ ಗಂಗಾವತ್ಯಾಗ ರೈಸ್ ಮಿಲ್ಲಿನ್ಯಾಗ ಕಸ ಹೊಡೀತಾಳ್ರಿ. ಈ ಶೂ ಅಕಿ ಒಯ್ಯಲಿಲ್ಲ. ನಾನ ವರ್ಷಕ್ಕೊಮ್ಮೆ ತಗದು ಪಾಲಿಷ್ ಹಚ್ಚಿ ಇಡ್ತಿದ್ದೆ..."

ಎಸ್ತರ್ ಸಿಸ್ಟರ್ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಹುಲಿಗೆವ್ವ... ಒಂಬತ್ತು ವರ್ಷದ ಹಿಂದ ನಾನೂ ಇದ ವಾರ್ಡಿನ್ಯಾಗ ಇದ್ದೆ. ನನ್ನ ಕಡೆ ಎರಡು ಜೊತಿ ಶೂ ಇದ್ದವು. ಒಂದು ಮಾತು ಕೇಳಬಾರದಿತ್ತೇನ?"

"ಹೆಂಗ ಕೇಳ್ಲಿ ಸಿಸ್ಟರ್... ನೆಲದ ಮ್ಯಾಲ ಒಂದು ಕಲಿ ಕಂಡ್ರ ದಿನಾಪೂರ್ತಿ ಬೈತಿದ್ರಿ ನೀವು. ನೆಲ ಒರಸಾಕಿ ಮಗಳು ನರ್ಸ್ ಆಗ್ತಾಳಂದ್ರ... ನಗ್ತೀರೇನೋ ಅನ್ಕೊಂಡೆ."

ಆ ಗಟ್ಟಿ ಹೆಂಗಸು, ಎಸ್ತರ್ ಸಿಸ್ಟರ್, ನೆಲಕ್ಕೆ ಕೂತು ದಾಕ್ಷಾಯಣಿಯ ಹಿಮ್ಮಡಿಗೆ ತಾವೇ ಡ್ರೆಸಿಂಗ್ ಮಾಡಿದರು. ಸಂಜೆಯೊಳಗೆ ಅವರೇ ಏಳನೇ ನಂಬರಿನ ಶೂ ತರಿಸಿದರು. ಹುಡುಗಿ ಕೆಲಸ ಉಳೀತು.

ಆದರೆ ಹುಲಿಗೆವ್ವ...

ಆಕೆ ಆ ಪುಟ್ಟ ಶೂಗಳನ್ನ ಸೆರಗಿನಿಂದ ಒರೆಸಿ, ಮತ್ತೆ ಡಬ್ಬಿಯೊಳಗೆ ಇಟ್ಟಳು. ಮುಚ್ಚಳ ಹಾಕುವಾಗ ಮೆಲ್ಲಗೆ ಕೇಳಿದಳು...

"ಸಿಸ್ಟರ್... ನಮ್ಮ ದುರುಗಿಗೆ ಈಗ ಮೂವತ್ತೊಂದು. ಓದಿದ್ದೆಲ್ಲಾ ಮರತು ಹೋಗೈತಿ ಅಂತಾಳ. ಆದ್ರೂ... ಈಗ ಯಾರರ ಸೇರಿಸ್ಕೊಂತಾರೇನ್ರಿ?"

ಎಲ್ಲದಕ್ಕೂ ತಟ್ಟನೆ ಉತ್ತರ ಕೊಡೋ ಎಸ್ತರ್ ಸಿಸ್ಟರ್ ಆ ಒರಟು ಕೈಯನ್ನ ಹಿಡಿದುಕೊಂಡು ಹಾಗೇ ನಿಂತರು.

ಕೇಳಿದವರಿಗೆ ಕೊಡೋದು ದೊಡ್ಡದಲ್ಲ... ನಮ್ಮನ್ನ ಕೇಳೋಕೆ ಯಾರೂ ಹೆದರದ ಹಾಗೆ ಬದುಕೋದು ದೊಡ್ಡದು.

ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ದಿನಾ ನೆಲ ಒರೆಸೋ ಆಯಮ್ಮನ ಮಕ್ಕಳು ಏನು ಓದ್ತಿದ್ದಾರೆ... ನಿಮಗೆ ಗೊತ್ತಾ?