ಸೀಗಡಿಗಳ ಗೃಹಪ್ರವೇಶ

ಬಕೆಟ್ಟಿನೊಳಗಿನ ಸೀಗಡಿಗಳು ಉಸಿರು ಸಾಲದೆ ಒಂದೊಂದಾಗಿ ಮೇಲಕ್ಕೆ ಬರತೊಡಗಿದ್ದವು. ಸುತ್ತಲಿನ ಹಳ್ಳಗಳಲ್ಲೆಲ್ಲ ಅಳಿದುಹೋಗಿ, ಜೀವವಿಜ್ಞಾನಿಯೊಬ್ಬಳ ಪ್ರಯೋಗಾಲಯದ ತೊಟ್ಟಿಯಲ್ಲಷ್ಟೇ ಉಳಿದಿದ್ದ ಜಾತಿ ಅದು. ಇವತ್ತು ಅವನ್ನು ಊರಿನ ಕಲ್ಯಾಣಿಗೆ ಬಿಡುವ ಸಮಾರಂಭ. ಶಾಮಿಯಾನ, ಮೈಕು, ಹಾರ ಎಲ್ಲ ಸಿದ್ಧವಾಗಿತ್ತು. ಮಂತ್ರಿಗಳು ಮಾತ್ರ ಬಂದಿರಲಿಲ್ಲ.

“ನೀರು ಬಿಸಿಯಾಗ್ತಿದೆ. ನಾನೇ ಬಿಟ್ಟುಬಿಡ್ತೀನಿ,” ಎಂದಳು ವಿಜ್ಞಾನಿ.

“ಅಯ್ಯೋ, ಸಾಹೇಬ್ರ ಕೈಯಿಂದಲೇ ಬಿಡಿಸ್ಬೇಕು ಮೇಡಂ. ಇನ್ನೇನು ಬಂದ್ಬಿಡ್ತಾರೆ,” ಎಂದ ಪಂಚಾಯಿತಿ ಕಾರ್ಯದರ್ಶಿ.

“ಬೆಳಗ್ಗೆಯಿಂದ ಅದನ್ನೇ ಹೇಳ್ತಿದ್ದೀರಿ. ಅವರು ಬರೋಷ್ಟರಲ್ಲಿ ಇವು ಸತ್ತೇ ಹೋಗ್ತವೆ!”

“ನನ್ನ ಕೆಲಸಕ್ಕೇ ಕುತ್ತು ತರ್ತೀರಲ್ಲ ಮೇಡಂ!”

ಆಕೆ ಕೇಳಲಿಲ್ಲ. ಬಕೆಟ್ ಎತ್ತಿಕೊಂಡು ಮೆಟ್ಟಿಲಿಳಿದು ಕಲ್ಯಾಣಿಯೊಳಗೆ ಮೆಲ್ಲಗೆ ಬಗ್ಗಿಸಿದಳು. ಸೀಗಡಿಗಳು ಚಂಗನೆ ಚದುರಿ ತಳ ಸೇರಿದವು. ಆಕೆಗೆ ಹೋದ ಜೀವ ಬಂದಂತಾಯಿತು.

“ಅರೆ, ತಳದ ಕಲ್ಲೂ ಕಾಣ್ತಿದೆ! ಹೋದ ವಾರ ಬಂದಾಗ ಬರೀ ಪಾಚಿ ಇತ್ತಲ್ಲ?”

ಕಾರ್ಯದರ್ಶಿಯ ಮುಖ ಆಗಷ್ಟೇ ಅರಳಿತು.

“ಮಂತ್ರಿಗಳು ಬರ್ತಾರೆ ಅಂದ್ರೆ ಸುಮ್ನೇನಾ ಮೇಡಂ? ನಿನ್ನೆ ಸಂಜೆ ಮೂಟೆಗಟ್ಟಲೆ ಬ್ಲೀಚಿಂಗ್ ಪೌಡರ್ ಸುರಿಸಿದ್ದೀನಿ.”