ಟೈಲರಮ್ಮನ ಅಳತೆ ಪುಸ್ತಕ

ಟೈಲರಮ್ಮ ಹುಡುಗಿಯ ಎಡ ಭುಜದಿಂದ ಸೊಂಟದವರೆಗೆ ಒಮ್ಮೆ ಅಳೆದಳು. ಬಲಗಡೆ ಮೂರು ಸಲ ಅಳೆದಳು. ಆಮೇಲೆ ಟೇಪನ್ನು ಕೊರಳಿಗೆ ಹಾಕಿಕೊಂಡು ಕೇಳಿದಳು: "ಇವಳಿಗೆ ಬೆನ್ನು ನೋವಾ?"

"ಅಯ್ಯೋ, ನಿಮಗೆ ಹೇಗೆ ಗೊತ್ತಾಯ್ತು?" ಎಂದಳು ತಾಯಿ. "ಆರು ತಿಂಗಳಿಂದ ನಾನು ಕೇಳದವರೇ ಇಲ್ಲ. ಫೋನಲ್ಲಿ ನೋಡಿದೆ, ದಿಂಬು ಬದಲಾಯಿಸಿ ಅಂತಿತ್ತು. ನಮ್ಮತ್ತೆ ಎಣ್ಣೆ ತಿಕ್ಕು ಅಂದ್ರು. ಪಕ್ಕದ ಮನೆಯವ್ರು ಸ್ಕೂಲ್ ಬ್ಯಾಗ್ ಭಾರ ಅಂದ್ರು. ಇವಳಪ್ಪನಂತೂ ಸ್ಕೂಲಿಗೆ ಚಕ್ಕರ್ ಹೊಡೆಯೋ ನಾಟಕ ಅಂತಾರೆ."

"ನಾಟಕ ಅಲ್ಲ," ಎಂದಳು ಹುಡುಗಿ.

"ನನ್ನ ಕೇಳಿದ್ಯಾ?" ಎಂದಳು ಟೈಲರಮ್ಮ ತಾಯಿಗೆ.

"ನಿಮ್ಮನ್ನಾ? ಟೈಲರ್‌ನ ಯಾರಾದ್ರೂ ಇದನ್ನೆಲ್ಲ ಕೇಳ್ತಾರಾ!"

ಟೈಲರಮ್ಮ ನಗಲಿಲ್ಲ. ತನ್ನ ಕೈಯ ಹೊಲಿಗೆಯಲ್ಲಿ ಯಾರ ಮೈಯ ಓರೆಕೋರೆಯೂ ಕಾಣುವುದಿಲ್ಲ ಎಂಬುದು ಅವಳ ನಲವತ್ತು ವರ್ಷದ ಹೆಮ್ಮೆ. ಅಳತೆ ಪುಸ್ತಕ ಬಿಚ್ಚಿದಳು.

"ಎರಡು ವರ್ಷದ ಹಿಂದೆ ಎರಡೂ ಕಡೆ ಸಮ. ಹೋದ ವರ್ಷ ಬಲಗಡೆ ಅರ್ಧ ಇಂಚು ಕಮ್ಮಿ. ಈಗ ಒಂದು ಇಂಚು. ಹೋದ ವರ್ಷ ನಾನೇ ಒಳಗೆ ಪ್ಯಾಡ್ ಇಟ್ಟು ಸರಿಮಾಡಿದೆ ಕಣಮ್ಮ. ಎಷ್ಟು ಚೆನ್ನಾಗಿ ಕೂತಿದೆ ಅಂತ ನೀನು ಹೊಗಳಿದೆ, ನಾನು ಉಬ್ಬಿಹೋದೆ. ಮಗು ಭುಜ ಇಳೀತಿದೆ ಅಂತ ಬಾಯಿಬಿಟ್ಟು ಹೇಳಲಿಲ್ಲ. ತಪ್ಪಾಯ್ತು." ಪುಸ್ತಕವನ್ನೇ ತಾಯಿಯ ಕೈಗೆ ತುರುಕಿದಳು. "ಬಟ್ಟೆ ಇಲ್ಲೇ ಇರ್ಲಿ. ಇದನ್ನ ತಗೊಂಡು ಮೂಳೆ ಡಾಕ್ಟ್ರ ಹತ್ರ ಹೋಗು, ಈಗಲೇ."

ನಾಲ್ಕು ದಿನದ ಮೇಲೆ ತಾಯಿ ಏದುಸಿರು ಬಿಡುತ್ತ ಬಂದಳು.

"ಬೆನ್ನುಮೂಳೆ ಬಾಗ್ತಿದೆಯಂತೆ ಟೈಲರಮ್ಮ. ಈಗಲೇ ಬೆಲ್ಟ್ ಹಾಕಿದ್ರೆ ಆಪರೇಷನ್ ತಪ್ಪಬಹುದಂತೆ. ಎಷ್ಟು ಬೇಗ ಬಾಗ್ತಿದೆ ಅನ್ನೋದೇ ಮುಖ್ಯವಂತೆ, ಅದು ನಿಮ್ಮ ಪುಸ್ತಕದಲ್ಲಿತ್ತು! ಡಾಕ್ಟ್ರು ಪುಟಗಳ ಫೋಟೊ ತೆಗೆದು ಫೈಲಿಗೆ ಸೇರಿಸಿಕೊಂಡ್ರು. ಯಾರು ಬರೆದಿದ್ದು ಅಂದ್ರು. ನಮ್ಮ ಟೈಲರಮ್ಮ ಅಂದೆ, ಜೋರಾಗೇ ಅಂದೆ."

"ನನ್ನ ಅಕ್ಷರ ಅವರಿಗೆ ಓದೋಕೆ ಬಂತಾ?"

"ಅವರ ಅಕ್ಷರಕ್ಕಿಂತ ಚೆನ್ನಾಗಿದೆ ಬಿಡಿ!"

ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಂತೋಷ ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ, ಹೊರಗೆ ಐದಾರು ತಾಯಂದಿರು, ಮಕ್ಕಳ ಕೈ ಹಿಡಿದು ನಿಂತಿದ್ದರು. ಯಾರ ಕೈಯಲ್ಲೂ ಬಟ್ಟೆ ಇರಲಿಲ್ಲ.

ಟೈಲರಮ್ಮ ಪ್ಯಾಡುಗಳ ಡಬ್ಬವನ್ನು ಕಾಲಿನಿಂದ ಮೇಜಿನಡಿಗೆ ತಳ್ಳಿ, ಕೊರಳಿನ ಟೇಪ್ ಎಳೆದಳು.

"ಸಾಲಾಗಿ ಬನ್ನಿ. ಜ್ವರ, ಕೆಮ್ಮು ನನ್ನ ಕೇಳಬೇಡಿ. ಮೈ ಓರೆ ಇದ್ರೆ ಮಾತ್ರ ಇನ್ಮೇಲೆ ಮುಚ್ಚಲ್ಲ, ಹೇಳ್ತೀನಿ."