ಅಕ್ಕು ಯಾವ ಬಳಿಯವಳು?

ಮೊದಲ ಹದಿನೇಳು ಪುಟಗಳನ್ನು ಗೆದ್ದಲು ತಿಂದು ತೇಗಿತ್ತು. ಸುರಕ್ಷಾ ಉಳಿದ ಪುಟಗಳನ್ನು ತಿರುವಿದಳು, ಮುತ್ತಜ್ಜಿ ಅಕ್ಕುವಿನ ಹೆಸರು ಎಲ್ಲೂ ಇರಲಿಲ್ಲ.

"ಈ ಪುಸ್ತಕದ ಕಥೆ ಮುಗೀತು," ಎಂದರು ಮುಕುಂದ ಅಂಕಲ್. ದೇವಸ್ಥಾನದ ಕಚೇರಿಯಲ್ಲಿ ಹಳೆಯ ಮದುವೆ ರಿಜಿಸ್ಟರುಗಳಿಗೆಲ್ಲ ಅವರೇ ಕಾವಲು. "ನಿನ್ನ ಮುತ್ತಜ್ಜಿ ಮದುವೆ ಯಾವ ವರ್ಷ ಅಂತಾದ್ರೂ ಗೊತ್ತಾ?"

"ಇಲ್ಲ ಅಂಕಲ್. ನಲವತ್ತೇಳರ ಜನಗಣತಿ ಹಾಳೇಲಿ ಎರಡು ವರ್ಷದ ಮಗು ಇದೆ. ಅದಕ್ಕಿಂತ ಮುಂಚೆ ಯಾವಾಗಲೋ."

"ಹಾಗಾದ್ರೆ ಇನ್ನೂ ಎರಡು ಪುಸ್ತಕ ನೋಡ್ಬೇಕು. ಮೇಲಿನ ಶೆಲ್ಫಲ್ಲಿದೆ, ತಗೋ."

ಸುರಕ್ಷಾ ಬಲಗೈ ಎತ್ತಿದವಳು ಅರ್ಧಕ್ಕೇ ಇಳಿಸಿದಳು. "ನೀವೇ ತೆಗೆದುಕೊಡಿ ಅಂಕಲ್, ಪ್ಲೀಸ್."

"ಚಾಂಗಿಯ ಆಫೀಸಿನ ಎಸಿಯಲ್ಲಿ ಕೂತು ಕೂತು ಈಗಿನ ಮಕ್ಕಳಿಗೆ ಒಂದು ಪುಸ್ತಕ ಎತ್ತೋ ಶಕ್ತಿಯೂ ಇಲ್ಲ!" ಅಂಕಲ್ ನಗುತ್ತಲೇ ಸ್ಟೂಲ್ ಹತ್ತಿದರು.

ಇವತ್ತು ಶುಕ್ರವಾರ. ಭಾನುವಾರ ಬೆಳಿಗ್ಗೆ ಅವಳ ಧಾರೆ. ಹಾಲ್ ಬುಕ್ ಆಗಿದೆ, ಉಡುಪಿಯಿಂದ ನೆಂಟರು ವಿಮಾನ ಹತ್ತಿಯಾಗಿದೆ. ಇಂಥ ಹೊತ್ತಿನಲ್ಲೇ ಊರಿನ ಸುನಂದಜ್ಜಿ ಫೋನ್ ಮಾಡಿ ಕಡ್ಡಿ ಗೀರಿದ್ದಳು: "ನೀವು ಕರ್ಕೇರ ಬಳಿಯವರು ಅಂತ ಯಾರು ಹೇಳಿದ್ದು? ಕರ್ಕೇರ ಅಕ್ಕುನ ಗಂಡ ಕಾಂತಪ್ಪಂದು. ಅಕ್ಕುಂದು ಬೇರೆ. ಸಾಲ್ಯಾನ್ ಅಂತ ಕೇಳಿದ ನೆನಪು."

ತುಳುವರಲ್ಲಿ ಬಳಿ, ಅಂದರೆ ಕುಲದ ಹೆಸರು, ಬರುವುದು ತಾಯಿಯ ಕಡೆಯಿಂದ. ಒಂದೇ ಬಳಿಯ ಗಂಡು ಹೆಣ್ಣು ಅಣ್ಣ ತಂಗಿಯರ ಲೆಕ್ಕ. ಮದುವೆಯ ಮಾತೇ ಇಲ್ಲ. ಆದರೆ ಕಡಲು ದಾಟಿ ಬಂದು ಹಡಗುಗಳಿಗೆ ಬಣ್ಣ ಬಳಿದ ಕಾಂತಪ್ಪನಿಗೆ ಇಲ್ಲಿನ ಗುಮಾಸ್ತ ಕೇಳಿದ್ದು ಅಪ್ಪನ ಹೆಸರು, ಮನೆತನದ ಹೆಸರು. ಅವನು ತನ್ನ ಬಳಿಯನ್ನೇ ಮಗಳಿಗೂ ಬರೆಸಿಬಿಟ್ಟ. ಮೂರು ತಲೆಮಾರು ಕಳೆಯುವಷ್ಟರಲ್ಲಿ ಹೆಂಗಸರೂ ತಾವು ಕರ್ಕೇರರೆಂದೇ ನಂಬಿದರು. ನಂಬಿಯೇ ಸಾಲ್ಯಾನ್ ಬಳಿಯ ನವನೀತನಿಗೆ ಮಾತು ಕೊಟ್ಟಿದ್ದರು.

"ಮುದುಕಿ ಮಾತು ಕೇಳಿ ಹಾಲ್ ಕ್ಯಾನ್ಸಲ್ ಮಾಡೋಕಾಗುತ್ತಾ?" ಎಂದಿದ್ದಳು ಅಮ್ಮ ಜ್ಯೋತ್ಸ್ನಾ. "ಬರವಣಿಗೇಲಿ ಏನಾದ್ರೂ ಇದ್ರೆ ಬೇರೆ ಮಾತು."

"ನಾನೇ ಹುಡುಕ್ತೀನಿ ಅಮ್ಮ."

ಮೂರು ದಿನ ರಜೆ ಹಾಕಿ ಹುಡುಕಿದಳು. ಜುರಾಂಗ್ ವೆಸ್ಟಿನ ನೆರೆಮನೆಯ ಆಂಟಿಯರೆಲ್ಲ ಲೊಚಗುಟ್ಟಿದರು. ಪಾಪ, ಮದುವೆ ಹುಡುಗಿ ಮೆಹಂದಿ ಹಚ್ಚಿಕೊಂಡು ಕೂರೋದು ಬಿಟ್ಟು ಧೂಳು ಕುಡೀತಿದೆ! ಪ್ರೀತಿ ಅಂದ್ರೆ ಹೀಗಿರಬೇಕು ಅಂದರು. ಸುರಕ್ಷಾಗೆ ಅನ್ನ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ನಿನ್ನೆ ಸಿಕ್ಕ ಕೂಲಿ ಲೈನಿನ ಜನಗಣತಿ ಹಾಳೆಯಲ್ಲಿ ಒಂದೇ ಕೋಣೆಗೆ ನಾಲ್ಕು ಹೆಸರು: ಕಾಂತಪ್ಪ, ಹೆಂಡತಿ ಅಕ್ಕು, ಮಗು, ಮತ್ತು 'ಹೆಂಡತಿಯ ಸೋದರಮಾವ' ತ್ಯಾಂಪ. ತ್ಯಾಂಪನ ಮುಂದೆ ಬಳಿಯ ಹೆಸರಿಲ್ಲ. ಆದರೆ ಸೋದರಮಾವ ಇದ್ದ ಮೇಲೆ ಮದುವೆ ರಿಜಿಸ್ಟರಿನಲ್ಲಿ ಹೆಣ್ಣಿನ ಪರವಾಗಿ ರುಜು ಹಾಕಿದವನು ಅವನೇ ಆಗಿರಬೇಕು. ಸೋದರಮಾವನ ಬಳಿಯೇ ಸೋದರಸೊಸೆಯ ಬಳಿ.

ಫೋನ್ ಹೊಡೆದುಕೊಂಡಿತು. ನವನೀತ್, ತಂಜಾಂಗ್ ಪಗಾರಿನ ಆಫೀಸಿನಿಂದ. ಬೆಳಗ್ಗಿನಿಂದ ಇದು ಆರನೆಯ ಸಲ.

"ಎಲ್ಲಿದ್ದೀಯ? ವೀಡಿಯೋ ಆನ್ ಮಾಡು."

ಸುರಕ್ಷಾ ಕಪಾಟು, ರಿಜಿಸ್ಟರು, ಅಂಕಲ್ ಎಲ್ಲವನ್ನೂ ತೋರಿಸಿದಳು.

"ಸರಿ. ಹೊರಟಾಗ ಮೆಸೇಜ್ ಹಾಕು."

"ಎಷ್ಟು ಕಾಳಜಿ ಮಾಡ್ತಾನಪ್ಪ! ಪುಣ್ಯ ಮಾಡಿದ್ದೆ ನೀನು," ಎಂದರು ಅಂಕಲ್.

"ನಾನೆಲ್ಲಿದ್ದೀನಿ ಅಂತ ಅವನಿಗೆ ಗೊತ್ತಿರಲೇಬೇಕು ಅಂಕಲ್."

ಕಚೇರಿಯಲ್ಲಿ ಒಂದೇ ಫ್ಯಾನು. ಮಣಿಕಟ್ಟು ಮುಚ್ಚುವ ತೋಳಿನ ಅವಳ ಕುರ್ತಾ ಬೆವರಿನಲ್ಲಿ ತೊಯ್ದಿತ್ತು. "ಆ ತೋಳಾದ್ರೂ ಮಡಚ್ಕೊಳ್ಳಮ್ಮ. ಮದುವೆಗೆ ಮುಂಚೆ ಕಪ್ಪಾಗ್ತೀನಿ ಅಂತ ಭಯಾನಾ?" ಎಂದು ಅಂಕಲ್ ಛೇಡಿಸಿದರು. ಅವಳು ತಲೆಯೆತ್ತದೆ ಪುಟ ಮಗುಚಿದಳು. ಎರಡನೆಯ ಪುಸ್ತಕ ಮುಗಿಯಿತು. ಏನೂ ಇಲ್ಲ. ದೇವರೇ, ಒಂದೇ ಒಂದು ಸಾಲು ಕೊಡಪ್ಪ ಎಂದು ಒಳಗೊಳಗೇ ಅತ್ತಳು.

ಮೂರನೆಯದರ ನಡುವಿನಲ್ಲಿ ಸಿಕ್ಕಿತು. ಸಾವಿರದ ಒಂಬೈನೂರ ನಲವತ್ತೊಂದು. ವರ ಕಾಂತಪ್ಪ ಕರ್ಕೇರ. ವಧು ಅಕ್ಕು. ವಧುವಿನ ಪರ, ತಾಯಿಯ ಅಣ್ಣ, ಹೆಬ್ಬೆಟ್ಟಿನ ಗುರುತು. ಪಕ್ಕದಲ್ಲಿ ಗುಮಾಸ್ತನ ದುಂಡು ಅಕ್ಷರ: ತ್ಯಾಂಪ ಸಾಲ್ಯಾನ್.

ಅಂಕಲ್ ಮುಖ ಬಾಡಿತು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. "ಅಯ್ಯೋ ಮಗಳೇ... ನೋಡು, ಇದನ್ನ ನಾವಿಬ್ಬರೇ ನೋಡಿದ್ದು. ಪುಸ್ತಕ ಮುಚ್ಚಿಬಿಡೋಣ. ಗೆದ್ದಲು ತಿಂದಿದೆ ಅಂತೀನಿ. ಯಾರು ಕೇಳ್ತಾರೆ?"

"ಬೇಡ ಅಂಕಲ್."

"ಹುಚ್ಚು ಹುಡುಗಿ! ನಿನ್ನ ಜೀವನದ ಪ್ರಶ್ನೆ ಇದು."

"ಹೌದು ಅಂಕಲ್. ಅದಕ್ಕೇ." ಅವಳ ಕಣ್ಣಿಂದ ನೀರು ಧಾರಾಕಾರವಾಗಿ ಸುರಿಯುತ್ತಿತ್ತು. ಆ ಪುಟದ ಫೋಟೋ ತೆಗೆದು ಅಮ್ಮನಿಗೆ ಕಳಿಸಿದಳು.

ಎರಡೇ ನಿಮಿಷದಲ್ಲಿ ಅಮ್ಮನ ಫೋನು ಬಂತು. "ಸುರಕ್ಷಾ, ಅವನು ನಿನಗೆ ಅಣ್ಣ ಆಗ್ತಾನೆ ಕಣೇ. ಜನ ಏನಾದ್ರೂ ಅನ್ಕೊಳ್ಳಲಿ, ಹಾಲ್ ದುಡ್ಡು ಹೋದ್ರೆ ಹೋಗಲಿ. ಈ ಮದುವೆ ಆಗಕೂಡದು."

"ಖಂಡಿತಾನಾ ಅಮ್ಮ?"

"ದೈವದಾಣೆ."

ಸುರಕ್ಷಾ ಫೋನು ಕೆಳಗಿಟ್ಟು, ಫ್ಯಾನಿನ ಗಾಳಿಗೆ ಕೂತು, ನಿಧಾನವಾಗಿ ಬಲತೋಳನ್ನು ಮಡಚಿದಳು. ಮೊಣಕೈಯ ಮೇಲೆ ನಾಲ್ಕು ಬೆರಳು, ಒಂದು ಹೆಬ್ಬೆರಳು, ಐದೂ ಗುರುತು ನೀಲಿಗಟ್ಟಿದ್ದವು. ಮುಕುಂದ ಅಂಕಲ್ ನೋಡಿದರು.

ಹೋದ ವಾರ ಇದೇ ತೋಳನ್ನು ತೋರಿಸಿ ಮದುವೆ ಬೇಡವೆಂದು ಕಾಲು ಹಿಡಿದಾಗ, ಅಮ್ಮ ಹೇಳಿದ್ದು ಇಷ್ಟೇ: "ಗಂಡಸರು ಅಂದ್ಮೇಲೆ ಅಷ್ಟೆಲ್ಲಾ ಇರತ್ತೆ, ಹೊಂದಿಕೊಂಡು ಹೋಗು."